ವಿಜ್ಞಾನದ ಬೀರುವಿನ ಬೀಗ ತೆಗೆಸಿಕೊಡಿ: ಶಾಲಾ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರೇ, ಇಲಾಖೆಯ ಆಯುಕ್ತರೇ, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯ ಅಧ್ಯಕ್ಷರೇ,

ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ವಿಜ್ಞಾನದ ಸಾಮಾನು ಮಕ್ಕಳ ಕೈಯಲ್ಲಿ ಒಡೆದರೆ, ಸುಟ್ಟರೆ, ಸವೆದರೆ ಅದಕ್ಕೆ ಶಿಕ್ಷಕರನ್ನು ಹೊಣೆ ಮಾಡುವುದಿಲ್ಲ ಎಂದು ಒಂದು ಸುತ್ತೋಲೆ ಹೊರಡಿಸಿ. ಇದನ್ನು ಕೇಳಲಿಕ್ಕೇ ಈ ಪತ್ರ. ಇನ್ನೂ ಕೆಲವು ವಿಷಯಗಳಿವೆ, ಅವನ್ನೂ ಬರೆದಿದ್ದೇನೆ. ಆದರೆ ಇದೊಂದು ಆಗದೆ ಉಳಿದ ಯಾವುದೂ ಆಗುವುದಿಲ್ಲ ಎಂದು ನಾನು ನಂಬಿದ್ದೇನೆ.

ಬಹಿರಂಗವಾಗಿ ಬರೆಯುತ್ತಿರುವುದು ಪೋಷಕರೂ ಓದಲಿ ಅಂತ. ಮಗಳು ಹತ್ತನೇ ತರಗತಿ ಮುಗಿಸುವಷ್ಟರಲ್ಲಿ ಒಂದು ಮಸೂರವನ್ನೋ ಒಂದು ಮೀಟರನ್ನೋ ಸ್ವಂತ ಕೈಯಲ್ಲಿ ಹಿಡಿದಿದ್ದಾಳಾ? ಎಷ್ಟು ಮನೆಗಳಲ್ಲಿ ಈ ಪ್ರಶ್ನೆ ಕೇಳುತ್ತಾರೆ? ವಿಜ್ಞಾನದಲ್ಲಿ ಎಷ್ಟು ಬಂತು ಅಂತ ಕೇಳಿ ಸುಮ್ಮನಾಗುತ್ತೇವೆ, ಅಲ್ವಾ?

ಹಳ್ಳಿಯ ಪ್ರೌಢಶಾಲೆಗಳಿಗೆ ಹೋದರೆ ಎಚ್‌ಎಂ ಕೋಣೆಯಲ್ಲೋ ಸ್ಟಾಫ್ ರೂಮಿನ ಮೂಲೆಯಲ್ಲೋ ಒಂದು ಕಬ್ಬಿಣದ ಬೀರು ಕಾಣುತ್ತದೆ. ಅದರೊಳಗೆ ಪ್ರಿಸಂ ಇದೆ, ನಿಮ್ನ ದರ್ಪಣ ಇದೆ, ಪೀನ ಮಸೂರ ಇದೆ. ಅಮ್ಮೀಟರು, ವೋಲ್ಟ್‌ಮೀಟರು, ಗ್ಯಾಲ್ವನೋಮೀಟರು, ದಂಡಕಾಂತ, ದಿಕ್ಸೂಚಿ, ಎಲ್ಲ ಇದೆ. ಆರ್‌ಎಂಎಸ್‌ಎ (ಕೇಂದ್ರದ ಹಿಂದಿನ ಪ್ರೌಢಶಿಕ್ಷಣ ಯೋಜನೆ) ಕಾಲದಲ್ಲಿ ಬಂದದ್ದು ಒಂದಷ್ಟು, ಆಮೇಲಿನ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಬಂದದ್ದು ಒಂದಷ್ಟು, ಊರಿನ ದಾನಿಗಳು ಕೊಟ್ಟದ್ದು ಒಂದಷ್ಟು. ಕೆಲವು ಇನ್ನೂ ಥರ್ಮೋಕೋಲ್ ಪೆಟ್ಟಿಗೆಯಿಂದ ಆಚೆ ಬಂದಿಲ್ಲ. ಹಾಗಾಗಿ, ಸಾಮಾನು ಇಲ್ಲ ಅನ್ನುವ ಮಾತು ಎಷ್ಟೋ ಶಾಲೆಗಳ ಮಟ್ಟಿಗೆ ಅರ್ಧ ಸತ್ಯ. ಸಾಮಾನು ಇದೆ. ಅದು ಮಕ್ಕಳ ಕೈಗೆ ಬರುತ್ತಿಲ್ಲ.

ಯಾಕೆ ಬರುತ್ತಿಲ್ಲ? ಬೀರುವಿನ ಜೊತೆಗೆ ಒಂದು ದಾಸ್ತಾನು ವಹಿ ಇರುತ್ತದೆ. ನಾವೆಲ್ಲ ಸ್ಟಾಕ್ ರಿಜಿಸ್ಟರ್ ಅಂತಲೇ ಕರೆಯುವುದು. ಕ್ರಮಸಂಖ್ಯೆ, ವಸ್ತುವಿನ ಹೆಸರು, ಬಂದ ತಾರೀಖು, ಬೆಲೆ, ಷರಾ. ಶಿಕ್ಷಕರಿಗೆ ವರ್ಗಾವಣೆಯಾದರೆ ಮುಂದಿನವರಿಗೆ ಚಾರ್ಜ್ ಕೊಡಬೇಕು. ಪಟ್ಟಿ ಹಿಡಿದು ಒಂದೊಂದೇ ಎಣಿಸುತ್ತಾರೆ. ಆಡಿಟ್ ಬಂದಾಗ ಮತ್ತೆ ಎಣಿಕೆ. ಆರು ಮಸೂರ ಇರಬೇಕಿತ್ತು, ನಾಲ್ಕಿದೆ, ಇನ್ನೆರಡು ಎಲ್ಲಿ? ಮಕ್ಕಳ ಕೈಯಲ್ಲಿ ಒಡೆಯಿತು ಅಂದರೆ, ಮಕ್ಕಳ ಕೈಗೆ ಯಾಕೆ ಕೊಟ್ಟಿರಿ ಅನ್ನುವ ಪ್ರಶ್ನೆ ಬರುತ್ತದೆ. ಹಾಳಾದದ್ದನ್ನು ಕಂಡಮ್ ಮಾಡಿಸಲು, ಅಂದರೆ ಕೆಲಸಕ್ಕೆ ಬಾರದ್ದು ಅಂತ ಲೆಕ್ಕದಿಂದ ತೆಗೆಸಲು, ಪತ್ರ ಬರೆದು, ಒಪ್ಪಿಗೆಗೆ ಕಾದು, ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಸಾಕ್ಷಿಗೆ ಎತ್ತಿಟ್ಟುಕೊಳ್ಳುವ ಶಿಕ್ಷಕರನ್ನು ನಾನು ನೋಡಿದ್ದೇನೆ.

ನಾನಿದ್ದ ಒಂದು ಶಾಲೆಯಲ್ಲಿ ಒಬ್ಬ ಸಹೋದ್ಯೋಗಿ ಇದ್ದರು. ಪಾಠಕ್ಕೆ ಏನಾದರೂ ಒಂದು ಸಾಮಾನು ಹಿಡಿಯದೆ ತರಗತಿಗೆ ಹೋಗುತ್ತಿರಲಿಲ್ಲ. ವರ್ಗಾವಣೆ ಬಂದಾಗ ಲೆಕ್ಕದಲ್ಲಿ ಕಡಿಮೆ ಬಿದ್ದ ಬೀಕರು, ಮಸೂರ, ಥರ್ಮಾಮೀಟರುಗಳನ್ನು ಸ್ವಂತ ದುಡ್ಡಲ್ಲಿ ಪೇಟೆಯಿಂದ ತಂದಿಟ್ಟು ಚಾರ್ಜ್ ಬಿಟ್ಟುಕೊಟ್ಟರು. ಮುಂದಿನ ಶಾಲೆಯಲ್ಲಿ ಅವರು ಬೀರು ತೆಗೆಯಲಿಲ್ಲ. ಅವರದ್ದು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಬೀರು ತೆಗೆಯದ ಶಿಕ್ಷಕರಿಗೆ ಯಾವ ತೊಂದರೆಯೂ ಇಲ್ಲ. ತೆಗೆದವರಿಗೇ ತಾಪತ್ರಯ. ಇದನ್ನು ಬದಲಾಯಿಸಲು ಸಾಧ್ಯವಿರುವುದು ನಿಮಗೆ ಮಾತ್ರ.

ಒಡೆಯುವುದನ್ನು ನಾನು ಇಷ್ಟು ಸಲೀಸಾಗಿ ಯಾಕೆ ಒಪ್ಪಿಕೊಳ್ಳುತ್ತೇನೆ ಎಂದು ತಿಳಿಯಬೇಕಾದರೆ ಒಂದು ಪ್ರಯೋಗವನ್ನು ಹತ್ತಿರದಿಂದ ನೋಡಬೇಕು. ಹತ್ತನೇ ತರಗತಿಯ ಓಮ್‌ನ ನಿಯಮವನ್ನೇ ತೆಗೆದುಕೊಳ್ಳೋಣ. ನಮ್ಮ ಪಠ್ಯಪುಸ್ತಕದಲ್ಲಿರುವ ಚಟುವಟಿಕೆ ಸರಳವಾದದ್ದು. ಅರ್ಧ ಮೀಟರ್ ನೈಕ್ರೋಮ್ ತಂತಿ, 1.5 ವೋಲ್ಟಿನ ನಾಲ್ಕು ಸೆಲ್, ಒಂದು ಅಮ್ಮೀಟರು, ಒಂದು ವೋಲ್ಟ್‌ಮೀಟರು. ಮೊದಲು ಒಂದು ಸೆಲ್, ಆಮೇಲೆ ಎರಡು, ಮೂರು, ನಾಲ್ಕು. ಪ್ರತಿ ಸಲವೂ ವಿಭವಾಂತರವನ್ನು (ವೋಲ್ಟೇಜನ್ನು) ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ಒಂದೇ ಉತ್ತರ ಬರಬೇಕು. ಅದೇ ತಂತಿಯ ರೋಧ, ಓಮ್ ಲೆಕ್ಕದಲ್ಲಿ. ಬೋರ್ಡಿನ ಮೇಲೆ ಇದು ಹತ್ತು ನಿಮಿಷದ ಕೆಲಸ. ಕೋಷ್ಟಕ ಬರೆದು, ಸರಳರೇಖೆ ಎಳೆದು, ಓಮ್‌ನ ನಿಯಮ ಅಂತ ಹೇಳಿ ಮುಂದೆ ಹೋಗಬಹುದು.

ಮಕ್ಕಳೇ ಮಾಡಿದಾಗ ಏನಾಗುತ್ತದೆ ನೋಡಿ. ಸೆಲ್ಲಿನ ಮೇಲೆ 1.5 ವೋಲ್ಟ್ ಅಂತ ಅಚ್ಚಾಗಿದೆ. ತಂತಿ ಜೋಡಿಸಿದ ಕೂಡಲೇ ಮೀಟರು 1.3ಕ್ಕೋ 1.2ಕ್ಕೋ ಇಳಿಯುತ್ತದೆ. "ಮಿಸ್, ಮೀಟರ್ ಕೆಟ್ಟಿದೆ" ಅನ್ನುತ್ತಾರೆ. ತಂತಿ ಬಿಚ್ಚಿ ಮತ್ತೆ ಅಳೆದರೆ 1.5. ಮೀಟರು ಕೆಟ್ಟಿಲ್ಲ, ಹಾಗಾದರೆ ಸೆಲ್ಲಿಗೆ ಏನಾಯಿತು? ಸೆಲ್ಲಿನೊಳಗೂ ಒಂದಿಷ್ಟು ರೋಧ ಇದೆ, ಪ್ರವಾಹ ಹರಿಯುವಾಗ ಅಲ್ಲೇ ಸ್ವಲ್ಪ ವೋಲ್ಟೇಜು ಖರ್ಚಾಗುತ್ತದೆ. ಪಿಯುಸಿಯಲ್ಲಿ ಇದನ್ನು ಆಂತರಿಕ ರೋಧ ಅಂತ ಒಂದು ಸೂತ್ರವಾಗಿ ಕಲಿಯುತ್ತಾರೆ. ಇಲ್ಲಿ ಅದು ಹದಿನೈದು ವರ್ಷದ ಮಗುವಿನ ಸ್ವಂತ ಪ್ರಶ್ನೆಯಾಗಿ ಹುಟ್ಟುತ್ತದೆ.

ಆಮೇಲೆ ಉತ್ತರಗಳು. 28 ಗೇಜಿನ ನೈಕ್ರೋಮ್ ತಂತಿ ಅರ್ಧ ಮೀಟರಿಗೆ ಸುಮಾರು 5 ಓಮ್ ಇರುತ್ತದೆ. ಒಂದು ಗುಂಪಿಗೆ 5.1 ಬರುತ್ತದೆ, ಇನ್ನೊಂದಕ್ಕೆ 4.9. ಮೂರನೆಯ ಗುಂಪಿಗೆ 4.6 ಬಂದು ಅವರ ಮುಖ ಸಪ್ಪಗಾಗುತ್ತದೆ. ಹತ್ತಿರ ಹೋಗಿ ನೋಡಿದರೆ ವೋಲ್ಟ್‌ಮೀಟರಿನ ಕ್ಲಿಪ್ಪನ್ನು ತಂತಿಯ ತುದಿಗೆ ಹಾಕುವ ಬದಲು ನಾಲ್ಕು ಸೆಂಟಿಮೀಟರ್ ಒಳಗೆ ಹಾಕಿರುತ್ತಾರೆ. ಅಳೆದದ್ದು 50 ಸೆಂ.ಮೀ. ತಂತಿಯನ್ನಲ್ಲ, 46 ಸೆಂ.ಮೀ. ತಂತಿಯನ್ನು. ರೋಧವು ಉದ್ದಕ್ಕೆ ನೇರ ಅನುಪಾತದಲ್ಲಿರುತ್ತದೆ ಅನ್ನುವುದು ಪುಸ್ತಕದಲ್ಲಿ ಮುಂದಿನ ಪಾಠಭಾಗ. ಆ ಗುಂಪು ಅದನ್ನು ಅವತ್ತೇ ಕಂಡುಕೊಂಡಿತು. ಕ್ಲಿಪ್ಪನ್ನು ಬೇಕೆಂದೇ ಇನ್ನಷ್ಟು ಒಳಗೆ ಸರಿಸಿ, 25 ಸೆಂ.ಮೀ.ಗೆ ಅರ್ಧ ಬರುತ್ತಾ ಅಂತ ತಾವಾಗಿಯೇ ನೋಡಲು ಶುರು ಮಾಡುತ್ತಾರೆ. ಬೋರ್ಡಿನ ಮೇಲೆ ಬರೆದ ಕೋಷ್ಟಕದಲ್ಲಿ 4.6 ಯಾವತ್ತೂ ಬರುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ನೈಕ್ರೋಮ್ ತಂತಿಯನ್ನು ತೆಗೆದು ಅದೇ ಜಾಗದಲ್ಲಿ ಹಳೆಯ ಕಾಲದ ಟಾರ್ಚ್ ಬಲ್ಬು ಹಾಕಿ. ಎಲ್‌ಇಡಿ ಬೇಡ, ಒಳಗೆ ತಂತಿ ಇರುವಂಥದ್ದು. ಈಗ ಗ್ರಾಫು ಬಗ್ಗುತ್ತದೆ. ಆರಿರುವ ಬಲ್ಬಿನ ರೋಧ ಮಲ್ಟಿಮೀಟರಿನಲ್ಲಿ ಒಂದೆರಡು ಓಮ್ ತೋರಿಸುತ್ತದೆ. ಉರಿಯುವಾಗ ಲೆಕ್ಕ ಹಾಕಿದರೆ ಎಂಟರ ಹತ್ತಿರ. ಓಮ್‌ನ ನಿಯಮ ಸುಳ್ಳಾಯಿತಾ? ತಾಪ ಬದಲಾಗದಿದ್ದರೆ ಎಂಬ ಮಾತನ್ನು ನಿಯಮದ ಜೊತೆಗೇ ಬಾಯಿಪಾಠ ಮಾಡಿರುತ್ತಾರೆ. ಆ ಮಾತು ಅಲ್ಲಿ ಯಾಕಿದೆ ಎಂದು ತಿಳಿಯುವುದು ಈ ಬಲ್ಬಿನ ಮುಂದೆ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಎರಡು ಸಾವಿರ ಡಿಗ್ರಿ ದಾಟಿ ಕಾಯುತ್ತದೆ, ಅದರ ರೋಧ ಹಲವು ಪಟ್ಟು ಏರುತ್ತದೆ. ನೈಕ್ರೋಮ್ ಕಾದರೂ ಅಷ್ಟಾಗಿ ಬದಲಾಗುವುದಿಲ್ಲ. ಅದಕ್ಕೇ ಪುಸ್ತಕದವರು ನೈಕ್ರೋಮ್ ಆರಿಸಿದ್ದು.

ಈಗ ಒಡೆಯುವ ವಿಷಯ. ಇಂಥ ತರಗತಿಯಲ್ಲಿ ಯಾರಾದರೂ ಒಬ್ಬರು ಅಮ್ಮೀಟರನ್ನು ನೇರವಾಗಿ ಸೆಲ್ಲಿನ ಎರಡು ತುದಿಗೆ ಜೋಡಿಸಿಯೇ ಜೋಡಿಸುತ್ತಾರೆ. ಅಮ್ಮೀಟರಿಗೆ ರೋಧ ತೀರಾ ಕಡಿಮೆ. ಪ್ರವಾಹ ಒಮ್ಮೆಲೇ ಜಾಸ್ತಿಯಾಗುತ್ತದೆ. ಮಲ್ಟಿಮೀಟರಾದರೆ ಒಳಗಿನ ಫ್ಯೂಸು ಹೋಗುತ್ತದೆ, ಮುಳ್ಳಿನ ಮೀಟರಾದರೆ ಮುಳ್ಳು ಪಟಕ್ಕನೆ ಕೊನೆಗೆ ಹೊಡೆದು ಬಗ್ಗಲೂಬಹುದು. ಅಮ್ಮೀಟರನ್ನು ಸರಣಿಯಲ್ಲಿ, ವೋಲ್ಟ್‌ಮೀಟರನ್ನು ಸಮಾಂತರವಾಗಿ ಜೋಡಿಸಬೇಕು ಎಂದು ನಾವು ಎಷ್ಟು ಸಲ ಬರೆಸಿದರೂ ಮಕ್ಕಳಿಗೆ ಪರೀಕ್ಷೆಯಲ್ಲಿ ಅದು ಅದಲುಬದಲಾಗುತ್ತದೆ. ಫ್ಯೂಸು ಕಳೆದ ಮಗುವಿಗೆ ಮಾತ್ರ ಅದಲುಬದಲಾಗುವುದಿಲ್ಲ. ಕೆಲವು ರೂಪಾಯಿಯ ಫ್ಯೂಸಿಗೆ ಇಷ್ಟು ಗಟ್ಟಿಯಾದ ಪಾಠ ಸಿಗುವಾಗ, ಆ ಫ್ಯೂಸಿನ ಬಗ್ಗೆ ವಿವರಣೆ ಕೇಳುವುದು ಸರಿಯೇ?

ಪ್ರಯೋಗ ಅಂದರೆ ಶಿಕ್ಷಕರು ಮೇಜಿನ ಹಿಂದೆ ನಿಂತು ತೋರಿಸುವುದು, ಮಕ್ಕಳು ದೂರದಿಂದ ನೋಡುವುದು ಎಂಬ ಅಭ್ಯಾಸವೂ ಈ ಭಯದಿಂದಲೇ ಬಂದದ್ದು. ಅದರಲ್ಲಿ ಒಡೆಯುವುದಿಲ್ಲ ನಿಜ. ಕಲಿಯುವುದೂ ಕಡಿಮೆ. ನಿಮ್ನ ದರ್ಪಣದ ಪಾಠವನ್ನೇ ನೋಡಿ. ವಸ್ತು ಅನಂತ ದೂರದಲ್ಲಿದ್ದರೆ ಪ್ರತಿಬಿಂಬ ಸತ್ಯ, ತಲೆಕೆಳಗಾದ, ತುಂಬಾ ಚಿಕ್ಕದಾದ ಎಂದು ಕೋಷ್ಟಕವನ್ನು ಮಕ್ಕಳು ಗಡಗಡ ಹೇಳುತ್ತಾರೆ. ಅದೇ ಮಗುವಿನ ಕೈಗೆ ದರ್ಪಣ ಕೊಟ್ಟು, ಕಿಟಕಿಯ ಕಡೆ ಹಿಡಿದು, ಮುಂದೆ ಒಂದು ಬಿಳಿ ಹಾಳೆಯನ್ನು ಹಿಂದೆ ಮುಂದೆ ಸರಿಸಲು ಹೇಳಿ. ಹದಿನೈದೋ ಇಪ್ಪತ್ತೋ ಸೆಂಟಿಮೀಟರಿನಲ್ಲಿ ಹಾಳೆಯ ಮೇಲೆ ಹೊರಗಿನ ತೆಂಗಿನಮರ ಬಂದು ಕೂರುತ್ತದೆ. ಬಣ್ಣದಲ್ಲಿ, ತಲೆಕೆಳಗಾಗಿ. ಗಾಳಿಗೆ ಗರಿ ಅಲ್ಲಾಡಿದರೆ ಹಾಳೆಯ ಮೇಲೂ ಅಲ್ಲಾಡುತ್ತದೆ. ಪುಸ್ತಕದ ಚಿತ್ರದಲ್ಲಿ ಪ್ರತಿಬಿಂಬ ಅಂದರೆ ಒಂದು ಪುಟ್ಟ ಬಾಣದ ಗುರುತು. ಅದಕ್ಕೆ ಬಣ್ಣ ಇರುತ್ತದೆ, ಅದು ಅಲ್ಲಾಡುತ್ತದೆ ಎಂದು ಆ ಬಾಣ ನೋಡಿದವರಿಗೆ ಹೇಗೆ ಗೊತ್ತಾಗಬೇಕು? ಸತ್ಯ ಪ್ರತಿಬಿಂಬವನ್ನು ಪರದೆಯ ಮೇಲೆ ಹಿಡಿಯಬಹುದು ಅನ್ನುವುದು ಆಮೇಲೆ ಮರೆಯುವ ಮಾತಲ್ಲ. ದರ್ಪಣದಿಂದ ಹಾಳೆಗೆ ಸ್ಕೇಲಿನಲ್ಲಿ ಅಳೆದರೆ ಅದೇ ಸಂಗಮದೂರ. ಐದು ನಿಮಿಷದ ಕೆಲಸ, ಬೇಕಾದದ್ದು ಹಗಲು ಬೆಳಕು.

ಇನ್ನೊಂದು ಪರೀಕ್ಷೆಯನ್ನು ನೀವೇ ಮಾಡಿ ನೋಡಬಹುದು. ಒಳ್ಳೆ ಅಂಕ ತೆಗೆಯುವ ಒಂದು ಮಗುವಿಗೆ ಒಂದು ಟಾರ್ಚ್ ಬಲ್ಬು, ಒಂದು ಸೆಲ್, ಒಂದೇ ಒಂದು ತುಂಡು ವೈರು ಕೊಡಿ. ಹೋಲ್ಡರು ಬೇಡ, ಸ್ವಿಚ್ಚು ಬೇಡ. ಬಲ್ಬು ಹೊತ್ತಿಸು ಅನ್ನಿ. ವಿದ್ಯುತ್ ಮೋಟಾರಿನ ಚಿತ್ರವನ್ನು ಭಾಗಗಳ ಸಮೇತ ಅಚ್ಚುಕಟ್ಟಾಗಿ ಬರೆಯುವ ಮಕ್ಕಳು ಇಲ್ಲಿ ತಡವರಿಸುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಬಲ್ಬಿಗೆ ಎರಡು ತುದಿ ಎಲ್ಲಿವೆ ಅಂತ ಅವರಿಗೆ ತಿಳಿದಿರುವುದಿಲ್ಲ. ಒಂದು ಕೆಳಗಿನ ಸಣ್ಣ ಉಬ್ಬು, ಇನ್ನೊಂದು ಪಕ್ಕದ ಲೋಹದ ಮೈ. ವಿದ್ಯುತ್ ಮಂಡಲದ ಚಿತ್ರದಲ್ಲಿ ಬಲ್ಬು ಅಂದರೆ ಒಂದು ವೃತ್ತ, ಎರಡು ಕಡೆ ಎರಡು ಗೆರೆ. ಅದೇ ತರಗತಿಯಲ್ಲಿ ಅಪ್ಪನ ಜೊತೆ ಬೋರ್‌ವೆಲ್ ಸ್ಟಾರ್ಟರ್ ಬಿಚ್ಚಿ ನೋಡಿದ ಹುಡುಗನೋ, ಅಣ್ಣನ ಜೊತೆ ಬೈಕಿನ ವೈರಿಂಗ್‌ಗೆ ಕೈ ಹಾಕಿದ ಹುಡುಗಿಯೋ ಕ್ಷಣದಲ್ಲಿ ಹೊತ್ತಿಸಿಬಿಡುತ್ತಾರೆ. ಕಿರುಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಅಂತ ನಾವು ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟೇ ಪಾಠ) ಕೊಟ್ಟು ಕೂರಿಸಿದ ಮಕ್ಕಳು ಅವರು. ಅವರಿಗೆ ಗೊತ್ತಿರುವುದನ್ನು ಕೇಳುವ ಒಂದು ಪ್ರಶ್ನೆಯೂ ನಮ್ಮ ಪರೀಕ್ಷೆಯಲ್ಲಿ ಇಲ್ಲ. ಇದು ನನ್ನನ್ನು ಬಹಳ ಕಾಡುವ ಅನ್ಯಾಯ.

ಹೀಗೆಲ್ಲ ಮಾಡಲು ಸರ್ಕಾರಿ ಶಾಲೆಯಲ್ಲಿ ಆಗುತ್ತದಾ ಅನ್ನುವವರು ಮಧ್ಯಪ್ರದೇಶದ ಹೋಶಂಗಾಬಾದ್ (ಈಗಿನ ನರ್ಮದಾಪುರಂ) ಕಡೆ ನೋಡಬೇಕು. 1972ರಲ್ಲಿ ಅಲ್ಲಿನ 16 ಮಾಧ್ಯಮಿಕ ಶಾಲೆಗಳಲ್ಲಿ ಪ್ರಯೋಗ ಮಾಡುತ್ತಲೇ ವಿಜ್ಞಾನ ಕಲಿಯುವ ಕಾರ್ಯಕ್ರಮ ಶುರುವಾಯಿತು. ದೆಹಲಿ ವಿಶ್ವವಿದ್ಯಾಲಯದಂಥ ಕಡೆಗಳಿಂದ ವಿಜ್ಞಾನಿಗಳು ಬಂದು ಹಳ್ಳಿ ಶಿಕ್ಷಕರ ಜೊತೆ ಕೂತರು. ಮಕ್ಕಳು ನಾಲ್ಕು ನಾಲ್ಕು ಜನರ ಗುಂಪಿನಲ್ಲಿ ಕಿಟ್ ಹಿಡಿದು ಪ್ರಯೋಗ ಮಾಡಿದರು. ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ಏನಾಯಿತು, ಏನಾಗಲಿಲ್ಲ ಅಂತ ಮಾತಾಡಿದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಲು ಅವಕಾಶವಿತ್ತು, ಜೊತೆಗೆ ಪ್ರಯೋಗದ ಪರೀಕ್ಷೆಯೂ ಇತ್ತು. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ಅವರ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ಮಾದರಿಗಳು ಮೊಳಕೆಯೊಡೆದದ್ದು ಅಲ್ಲೇ. ಸರ್ಕಾರಿ ಶಾಲೆಗಳಲ್ಲೇ ಮೂರು ದಶಕ ನಡೆದ ಈ ಕೆಲಸವನ್ನು 2002ರಲ್ಲಿ ಅಲ್ಲಿನ ಸರ್ಕಾರವೇ ನಿಲ್ಲಿಸಿತು. ನಿಂತದ್ದು ನೋವಿನ ವಿಷಯ. ಆದರೆ ಮೂರು ದಶಕ ನಡೆಯಿತು ಅನ್ನುವುದನ್ನು ಮರೆಯಬಾರದು. ಅಲ್ಲಿ ಕಿಟ್ಟಿನ ಸಾಮಾನು ಮುಗಿದರೆ ಮತ್ತೆ ತುಂಬಿಸುವುದು ಕಾರ್ಯಕ್ರಮದ ಭಾಗವಾಗಿತ್ತು. ಸಾಮಾನು ಇರುವುದೇ ಬಳಸಿ ಮುಗಿಸಲಿಕ್ಕೆ ಎಂದು ಅವರು ಒಪ್ಪಿಕೊಂಡಿದ್ದರು.

ನಮ್ಮ ರಾಜ್ಯದಲ್ಲೂ ಒಳ್ಳೆ ಕೆಲಸ ಮಾಡುವವರು ಇದ್ದಾರೆ. ಅಗಸ್ತ್ಯ ಫೌಂಡೇಶನ್ನಿನ ಸಂಚಾರಿ ಪ್ರಯೋಗಾಲಯ ಬಂದ ದಿನ ಮಕ್ಕಳು ಊಟದ ಬೆಲ್ ಹೊಡೆದರೂ ಕದಲುವುದಿಲ್ಲ. ಚಳ್ಳಕೆರೆ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ಕೊಡುತ್ತಾರೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ದಶಕಗಳಿಂದ ಕನ್ನಡದಲ್ಲಿ ವಿಜ್ಞಾನ ಹೇಳುತ್ತಾ ಬಂದಿದೆ. ಆದರೆ ತರಬೇತಿ ಮುಗಿಸಿ ಹುರುಪಿನಿಂದ ಊರಿಗೆ ಬಂದ ಶಿಕ್ಷಕರನ್ನು ಎದುರುಗೊಳ್ಳುವುದು ಅದೇ ಬೀರು, ಅದೇ ರಿಜಿಸ್ಟರು.

ಅದಕ್ಕೇ ಸುತ್ತೋಲೆಯಲ್ಲಿ ಏನಿರಬೇಕು ಎಂದು ಬಿಡಿಸಿ ಹೇಳುತ್ತೇನೆ. ಮಸೂರ, ದರ್ಪಣ, ಪ್ರಿಸಂ, ಬೀಕರು, ಥರ್ಮಾಮೀಟರು, ಸೆಲ್, ಬಲ್ಬು, ವೈರು, ಕಾಂತ, ಕಡಿಮೆ ಬೆಲೆಯ ಮಲ್ಟಿಮೀಟರು, ಇವನ್ನೆಲ್ಲ ಬಳಸಿ ಮುಗಿಯುವ ವಸ್ತುಗಳು ಅಂತ ಘೋಷಿಸಿ. ಸೀಮೆಸುಣ್ಣವನ್ನು ಯಾರೂ ಎಣಿಸುವುದಿಲ್ಲ ತಾನೇ? ಶಾಲೆಯಲ್ಲಿ ಒಂದು ಬ್ರೇಕೇಜ್ ರಿಜಿಸ್ಟರ್ ಇರಲಿ. ಯಾವ ದಿನ, ಯಾವ ತರಗತಿ, ಯಾವ ಪ್ರಯೋಗ, ಏನು ಒಡೆಯಿತು. ವಿಜ್ಞಾನ ಶಿಕ್ಷಕರು ಮತ್ತು ಎಚ್‌ಎಂ ಸಹಿ ಮಾಡಿದರೆ ಅಲ್ಲಿಗೆ ಮುಗಿಯಬೇಕು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಬಾರದು, ವಿವರಣೆ ಕೇಳಬಾರದು, ಚಾರ್ಜ್ ಕೊಡುವಾಗ ಆ ಪುಟವೇ ಸಾಕಾಗಬೇಕು. ಮಕ್ಕಳಿಂದ ಒಡೆದದ್ದಕ್ಕೆ ದುಡ್ಡು ವಸೂಲಿ ಮಾಡಬಾರದು ಅನ್ನುವುದನ್ನೂ ಸ್ಪಷ್ಟವಾಗಿ ಬರೆಯಿರಿ. ಒಂದು ದರ್ಪಣದ ದುಡ್ಡು ಕೆಲವು ಮನೆಗಳಿಗೆ ದೊಡ್ಡದೇ. ಆ ಭಯಕ್ಕೆ ಸಾಮಾನನ್ನು ಮುಟ್ಟದ ಮಕ್ಕಳಿದ್ದಾರೆ. ಇನ್ನು ಅಧಿಕಾರಿಗಳು ಶಾಲೆಗೆ ಭೇಟಿ ಕೊಟ್ಟಾಗ ಬ್ರೇಕೇಜ್ ರಿಜಿಸ್ಟರ್ ಕೇಳಿ ನೋಡಲಿ. ವರ್ಷವೆಲ್ಲ ಅದು ಖಾಲಿ ಇದ್ದರೆ ಆಗ ಪ್ರಶ್ನೆ ಕೇಳಲಿ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಐವತ್ತು ಮಕ್ಕಳ ತರಗತಿಯಲ್ಲಿ ಐದೈದು ಜನರ ಹತ್ತು ಗುಂಪು. ಗುಂಪಿಗೊಂದು 200-300 ರೂಪಾಯಿಯ ಮಲ್ಟಿಮೀಟರು, ಒಂದು ಮಸೂರ, ಒಂದು ದರ್ಪಣ, ಎರಡು ಕಾಂತ, ಒಂದು ದಿಕ್ಸೂಚಿ, ಸೆಲ್ ಹೋಲ್ಡರು, ಕ್ಲಿಪ್ ಇರುವ ವೈರು. ನನ್ನ ಅಂದಾಜಿನಲ್ಲಿ ಹತ್ತು ಗುಂಪಿಗೂ ಸೇರಿ ಹತ್ತು ಸಾವಿರ ರೂಪಾಯಿ ಆಸುಪಾಸು. ಆಮೇಲೆ ವರ್ಷಕ್ಕೆ ಸೆಲ್ಲು, ಬಲ್ಬು, ಒಡೆದದ್ದರ ಬದಲಿ ಅಂತ ಸ್ವಲ್ಪ. ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಕೊಡುವ ದೇಶ ನಮ್ಮದು. ಚೆನ್ನಾಗಿ ನಡೆಯುವ ಕಡೆ ಅದು ಒಳ್ಳೆಯದೇ. ಆದರೆ ಆ ಲ್ಯಾಬ್ ಎಲ್ಲ ಶಾಲೆಗೂ ಬರುವುದಿಲ್ಲ. ಹತ್ತು ಸಾವಿರದ ಸಾಮಾನು ಎಲ್ಲ ಶಾಲೆಗೂ ಹೋಗಬಹುದು. ದಯವಿಟ್ಟು ಜಿಲ್ಲಾ ಮಟ್ಟದಲ್ಲಿ ಟೆಂಡರ್ ಕರೆದು ಪೆಟ್ಟಿಗೆ ಕಳಿಸಬೇಡಿ. ದುಡ್ಡನ್ನು ಶಾಲೆಯ ಖಾತೆಗೆ ಹಾಕಿ. ತಾಲ್ಲೂಕು ಪೇಟೆಯ ಎಲೆಕ್ಟ್ರಿಕಲ್ ಅಂಗಡಿ, ಸೈಕಲ್ ಶಾಪ್, ಕನ್ನಡಕದ ಅಂಗಡಿಗಳಲ್ಲಿ ಅರ್ಧಕ್ಕರ್ಧ ಸಾಮಾನು ಸಿಗುತ್ತದೆ. ಕೊಳ್ಳುವವರೇ ಬಳಸುವವರಾಗಿರಲಿ.

ಸಮಯದ ವಿಷಯ ಇದಕ್ಕಿಂತ ಕಷ್ಟದ್ದು. ಪಿಸಿಎಂ ಶಿಕ್ಷಕರು ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಮೂರೂ ತರಗತಿಗಳ ಗಣಿತ. ಎಷ್ಟೋ ಕಡೆ ಒಬ್ಬರೇ. 40 ನಿಮಿಷದ ಪೀರಿಯಡ್‌ನಲ್ಲಿ ಹಾಜರಿ ಮುಗಿಸಿ, ಸಾಮಾನು ಹಂಚಿ, ಪ್ರಯೋಗ ಮಾಡಿಸಿ, ವಾಪಸ್ ಎಣಿಸಿ ತೆಗೆದುಕೊಳ್ಳುವಷ್ಟರಲ್ಲಿ ಮುಂದಿನ ಬೆಲ್ ಆಗಿರುತ್ತದೆ. ವಾರಕ್ಕೊಮ್ಮೆ ಪ್ರತಿ ತರಗತಿಗೂ ಎರಡು ಪೀರಿಯಡ್ ಜೋಡಿಸಿ ಕೊಡಿ. ಆ ಹೊತ್ತಿಗೆ ತರಗತಿಯನ್ನು ಎರಡು ಭಾಗ ಮಾಡಿ ಪಿಸಿಎಂ ಶಿಕ್ಷಕರ ಹತ್ತಿರ ಅರ್ಧ, ಸಿಬಿಝಡ್ (ಜೀವಶಾಸ್ತ್ರದ) ಶಿಕ್ಷಕರ ಹತ್ತಿರ ಅರ್ಧ ಹೋಗಲಿ. ಮುಂದಿನ ವಾರ ಅದಲುಬದಲು. ಜೀವಶಾಸ್ತ್ರದ ಸೂಕ್ಷ್ಮದರ್ಶಕಕ್ಕೂ ಆಗ ಕೆಲಸ ಸಿಗುತ್ತದೆ. ವೇಳಾಪಟ್ಟಿಯನ್ನು ಶಾಲೆಗೆ ಬಿಟ್ಟರೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡದಲ್ಲಿ ಇದು ಮೊದಲು ಹಾರಿಹೋಗುವ ಪೀರಿಯಡ್. ಹಾಗಾಗಿ ಇಲಾಖೆಯಿಂದಲೇ ಬರಬೇಕು.

ಫಲಿತಾಂಶ ಅಂದ ಮೇಲೆ ಮಂಡಲಿಯ ಅಧ್ಯಕ್ಷರಿಗೆ ಒಂದು ಮಾತು. ವಿಜ್ಞಾನಕ್ಕೆ 80 ಅಂಕ ಬರವಣಿಗೆ, 20 ಅಂಕ ಆಂತರಿಕ ಮೌಲ್ಯಮಾಪನ. ಆ 20ರಲ್ಲಿ ಚಟುವಟಿಕೆಗಳಿಗೂ ಜಾಗ ಇದೆ. ಅದು ಹೆಚ್ಚಾಗಿ ಚಾರ್ಟಿನಲ್ಲಿ, ಥರ್ಮೋಕೋಲ್ ಮಾದರಿಯಲ್ಲಿ, ಅಂಗಡಿಯಿಂದ ತಂದ ಚಿತ್ರ ಅಂಟಿಸಿದ ಪ್ರಾಜೆಕ್ಟ್ ಪುಸ್ತಕದಲ್ಲಿ ಮುಗಿದುಹೋಗುತ್ತಿದೆ. ಅದರಲ್ಲಿ 10 ಅಂಕವನ್ನು ಕೈಯಾರೆ ಮಾಡಿ ತೋರಿಸುವ ಪ್ರಯೋಗಕ್ಕೆ ಮೀಸಲಿಡಿ. ಪ್ರಯೋಗಗಳ ಪಟ್ಟಿಯನ್ನು ಜೂನ್ ತಿಂಗಳಲ್ಲೇ ಪ್ರಕಟಿಸಿ. ಪರೀಕ್ಷೆಯ ದಿನ ಮಗು ಚೀಟಿ ಎತ್ತಲಿ, ಬಂದ ಪ್ರಯೋಗ ಮಾಡಲಿ. ಪಕ್ಕದ ಶಾಲೆಯ ಶಿಕ್ಷಕರು ಬಂದು ನೋಡಲಿ.

ಇಲ್ಲಿ ಒಂದು ಅಪಾಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ಪಿಯುಸಿ ಭೌತಶಾಸ್ತ್ರದಲ್ಲಿ 30 ಅಂಕಕ್ಕೆ ಪ್ರಾಯೋಗಿಕ ಪರೀಕ್ಷೆ ಇದೆ. ಅಲ್ಲಿ ಹಿಂದಿನ ವರ್ಷದ ರೆಕಾರ್ಡ್ ನೋಡಿ ಓದಿಕೆಗಳನ್ನು ನಕಲು ಮಾಡುವ ಚಾಳಿಯೂ ಇದೆ. ಉತ್ತರ 'ಸರಿ' ಬಂದರೆ ಅಂಕ ಅನ್ನುವ ಕಡೆ ಮಕ್ಕಳು ಉತ್ತರವನ್ನು ಸರಿ ಮಾಡಿಕೊಳ್ಳುತ್ತಾರೆ. ಒಂದು ಮೀಟರ್ ದಾರಕ್ಕೆ ಕಬ್ಬಿಣದ ನಟ್ಟು ಕಟ್ಟಿ ಲೋಲಕ ಮಾಡಿ. 20 ತೂಗಾಟಕ್ಕೆ 40 ಸೆಕೆಂಡಿನ ಹತ್ತಿರ ಹಿಡಿಯುತ್ತದೆ. ಅದರಿಂದ ಗುರುತ್ವ ವೇಗೋತ್ಕರ್ಷ ಲೆಕ್ಕ ಹಾಕಬಹುದು. ಸ್ಟಾಪ್‌ವಾಚ್ ಒತ್ತುವಾಗ ಅರ್ಧ ಸೆಕೆಂಡ್ ಹೆಚ್ಚು ಕಡಿಮೆ ಆದರೆ ಉತ್ತರ 9.6ಕ್ಕೆ ಇಳಿಯಬಹುದು, 10.1ಕ್ಕೆ ಏರಬಹುದು. 9.6 ಬಂದಿದೆ ಅಂತ ಬರೆದು, ಯಾಕೆ ಹಾಗಾಗಿರಬಹುದು ಅಂತ ಎರಡು ಸಾಲು ವಿವರಿಸಿದ ಮಗುವಿಗೆ ಪೂರ್ತಿ ಅಂಕ ಕೊಡಿ. ಒಂದು ತೂಗಾಟ ಅಳೆಯದೆ 20 ತೂಗಾಟ ಯಾಕೆ ಅಳೆದೆ ಅಂತ ಕೇಳಿ. ಕೈ ತಡವಾಗುವ ತಪ್ಪು ಇಪ್ಪತ್ತು ಪಾಲಾಗಿ ಹಂಚಿಹೋಗುತ್ತದೆ ಎಂದು ಅದರದ್ದೇ ಮಾತಿನಲ್ಲಿ ಹೇಳಿದರೆ ಆ ಮಗು ಭೌತಶಾಸ್ತ್ರ ಕಲಿತಿದೆ. ಅಂಕ ಕೊಡುವ ಸೂಚನೆಯಲ್ಲೇ ಇದನ್ನು ಬರೆಯಬೇಕು. ಬರವಣಿಗೆಯ ಪರೀಕ್ಷೆಯಲ್ಲೂ ಒಂದೆರಡು ಪ್ರಶ್ನೆ ನಿಜವಾದ ಓದಿಕೆಗಳ ಮೇಲೆ ಬರಲಿ. ಒಂದು ಕೋಷ್ಟಕ ಕೊಟ್ಟು, ಯಾವ ಓದಿಕೆಯ ಮೇಲೆ ನಿನಗೆ ಅನುಮಾನ, ಯಾಕೆ ಅಂತ ಕೇಳಿ.

ಕನ್ನಡ ಮಾಧ್ಯಮದ ಮಕ್ಕಳಿಗಂತೂ ಇದು ತುರ್ತಿನ ವಿಷಯ. ಹತ್ತು ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಹೋದವರಿಗೆ ಒಂದೇ ಸಲಕ್ಕೆ ಎರಡು ಹೊಡೆತ. ಪಾಠ ಇಂಗ್ಲಿಷಿನಲ್ಲಿ, ಕೈಯಲ್ಲಿ ಯಾವತ್ತೂ ಹಿಡಿಯದ ವರ್ನಿಯರ್ ಕ್ಯಾಲಿಪರ್ಸ್. ಮೀಟರು, ಮಸೂರ ಮೊದಲೇ ಪರಿಚಯ ಇದ್ದರೆ ಒಂದು ಹೊಡೆತವಾದರೂ ತಪ್ಪುತ್ತದೆ. ಐಟಿಐ, ಡಿಪ್ಲೊಮಾಗೆ ಹೋಗುವ ಮಕ್ಕಳಿಗೂ ಅಷ್ಟೇ.

ತರಗತಿಯೊಳಗಿನ ಒಂದು ಸಂಗತಿಯನ್ನು ತರಬೇತಿಯಲ್ಲಿ ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ. ಗುಂಪು ಮಾಡಿ ಬಿಟ್ಟರೆ ಹುಡುಗರು ಸಾಮಾನು ಹಿಡಿಯುತ್ತಾರೆ, ಹುಡುಗಿಯರು ಓದಿಕೆ ಬರೆದುಕೊಳ್ಳುತ್ತಾರೆ. ಅಕ್ಷರ ದುಂಡಗಿದೆ ಅಂತ ಅವರಿಗೆ ಪೆನ್ನು, ಇವರಿಗೆ ಸ್ಕ್ರೂಡ್ರೈವರ್. ಯಾರೂ ಹೇಳದೆಯೇ ಹಾಗಾಗಿಬಿಡುತ್ತದೆ. ಪ್ರತಿ ಪ್ರಯೋಗಕ್ಕೂ ಕೈ ಬದಲಾಗಬೇಕು ಅನ್ನುವ ನಿಯಮ ಇಟ್ಟರೆ ಕೆಲವು ವಾರದಲ್ಲಿ ಸರಿಹೋಗುತ್ತದೆ. ಸುರಕ್ಷತೆಯ ನಿಯಮಗಳೂ ಪಟ್ಟಿಯ ಜೊತೆಗೇ ಇರಲಿ: ಗೋಡೆಯ ಪ್ಲಗ್ಗಿನ ಕರೆಂಟ್ ಮುಟ್ಟುವಂತಿಲ್ಲ, ಸೆಲ್ ಮಾತ್ರ. ಮಸೂರದಲ್ಲೋ ಬರಿಗಣ್ಣಿನಲ್ಲೋ ಸೂರ್ಯನನ್ನು ನೋಡುವಂತಿಲ್ಲ. ಲೇಸರ್ ಕಣ್ಣಿಗೆ ಬಿಡುವಂತಿಲ್ಲ.

ಸ್ಮಾರ್ಟ್ ಕ್ಲಾಸ್ ಬಂದಿದೆ, ವಿಡಿಯೊ ತೋರಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸುರುಳಿಯೊಳಗೆ ಕಾಂತವನ್ನು ತಳ್ಳಿದರೆ ಗ್ಯಾಲ್ವನೋಮೀಟರಿನ ಮುಳ್ಳು ಅಲ್ಲಾಡುವುದನ್ನು ವಿಡಿಯೊ ಚೆನ್ನಾಗಿಯೇ ತೋರಿಸುತ್ತದೆ. ಕಾಂತವನ್ನು ಒಳಗೇ ಇಟ್ಟು ಸುಮ್ನೆ ಕೂತರೆ ಮುಳ್ಳು ಸೊನ್ನೆಗೆ ಮರಳುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದರ ತಿರುಳೇ ಇದು. ಬದಲಾವಣೆ ಇದ್ದರೆ ಮಾತ್ರ ವಿದ್ಯುತ್. ಕಾಂತ ಒಳಗಿದ್ದರೆ ಸಾಕು, ವಿದ್ಯುತ್ ಬರುತ್ತದೆ ಎಂದು ನಂಬಿರುವ ಮಕ್ಕಳು ಬಹಳ. ತಮ್ಮ ಕೈಯಲ್ಲೇ ಕಾಂತ ನಿಂತಾಗ, ಮುಳ್ಳು ತಮ್ಮ ಕಣ್ಣೆದುರೇ ನಿಂತಾಗ ಆ ನಂಬಿಕೆ ಸಡಿಲವಾಗುತ್ತದೆ. ಬೇಗ ತಳ್ಳಿದರೆ, ನಿಧಾನಕ್ಕೆ ಎಳೆದರೆ, ಕಾಂತವನ್ನು ತಿರುಗಿಸಿ ಹಿಡಿದರೆ ಏನಾಗುತ್ತದೆ ಅಂತ ವಿಡಿಯೊಕ್ಕೆ ಪ್ರಶ್ನೆ ಕೇಳಲು ಬರುವುದಿಲ್ಲ.

ಪ್ರತಿ ಫೆಬ್ರವರಿ 28ರಂದು ನಮ್ಮ ಶಾಲೆಗಳಲ್ಲಿ ವಿಜ್ಞಾನ ದಿನ ಆಚರಿಸುತ್ತೇವೆ. ರಂಗೋಲಿ, ಭಾಷಣ, ರಸಪ್ರಶ್ನೆ. ಅವತ್ತು ಬೀರುವಿನ ಸಾಮಾನು ಹೊರಬಂದು ಮೇಜಿನ ಮೇಲೆ ಸಾಲಾಗಿ ಕೂರುತ್ತದೆ, 'ಮುಟ್ಟಬೇಡಿ' ಅನ್ನುವ ಚೀಟಿಯ ಜೊತೆ. 1928ರಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಈ ದಿನಕ್ಕೆ ಕಾರಣವಾದ ರಾಮನ್ ಪರಿಣಾಮದ ಮೊದಲ ಪ್ರಯೋಗಗಳನ್ನು ಮಾಡಿದ್ದು ಬಿಸಿಲಿನ ಬೆಳಕು, ಬಣ್ಣದ ಫಿಲ್ಟರು ಮತ್ತು ತಮ್ಮ ಬರಿಗಣ್ಣು ಬಳಸಿ. ಮುಂದಿನ ಫೆಬ್ರವರಿ 28ಕ್ಕೆ ಭಾಷಣದ ಬದಲು ಪ್ರತಿ ಮಗುವೂ ಒಂದು ಪ್ರಯೋಗ ಮಾಡಲಿ ಅಂತ ಒಂದೇ ಸಾಲಿನ ಸೂಚನೆ ಕಳಿಸಿ ನೋಡಿ. ಅದಕ್ಕೆ ಬಜೆಟ್ ಏನೂ ಬೇಕಾಗುವುದಿಲ್ಲ.

ಮೇ ಕೊನೆಗೆ ಶಾಲೆ ಶುರುವಾಗುತ್ತದೆ, ಜೂನ್ ಮೊದಲ ವಾರದಲ್ಲಿ ವೇಳಾಪಟ್ಟಿ ಅಂತಿಮವಾಗುತ್ತದೆ. ಆಮೇಲೆ ಬಂದ ಸುತ್ತೋಲೆ ಆ ವರ್ಷಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಏಪ್ರಿಲ್ ಒಳಗೆ ಹೊರಡಿಸಿ. ಪರೀಕ್ಷೆಯ ಬದಲಾವಣೆಗೆ ಸಮಯ ಬೇಕಾದರೆ ಅದು ಒಂದು ವರ್ಷ ತಡವಾಗಲಿ, ಒಡೆದದ್ದರ ಸುತ್ತೋಲೆ ಮಾತ್ರ ಈ ವರ್ಷವೇ ಬರಲಿ. ಕರಡು ಬೇಕಿದ್ದರೆ ನನ್ನಂಥ ನಿವೃತ್ತ ವಿಜ್ಞಾನ ಶಿಕ್ಷಕರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ, ಕರೆದರೆ ಬಂದು ಬರೆದುಕೊಡುತ್ತೇವೆ. ಪ್ರಯೋಗಗಳ ಪಟ್ಟಿ ಮಾಡಲು, ಹೊಸ ಶಿಕ್ಷಕರ ಜೊತೆ ಒಂದೆರಡು ಶನಿವಾರ ಕೂತು ಮಾಡಿ ತೋರಿಸಲು ನಾವು ತಯಾರಿದ್ದೇವೆ. ಇದಕ್ಕೆ ಸಂಭಾವನೆ ಕೇಳುವುದಿಲ್ಲ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ನಿವೃತ್ತ ಪಿಸಿಎಂ ಶಿಕ್ಷಕಿ, ಸರ್ಕಾರಿ ಪ್ರೌಢಶಾಲೆ